ರೇಸ್ ಸೂಟ್ ಕೊಳ್ಳುವಾಗ ಕನ್ನಡಿ ಬಿಡಿ, ಬೈಕ್ ಹತ್ತಿ

ಬೆಂಗಳೂರಿನ ಒಂದು ರೈಡಿಂಗ್ ಗೇರ್ ಅಂಗಡಿ. ಹುಡುಗನೊಬ್ಬ ಹೊಸ ಲೆದರ್ ಸೂಟ್ ತೊಟ್ಟು ಕನ್ನಡಿ ಮುಂದೆ ಎದೆ ಉಬ್ಬಿಸಿ ನಿಂತಿದ್ದ. "ಒಂದು ಸೈಜ್ ದೊಡ್ಡದೇ ತಗೊಳೋ, ಇನ್ನೂ ಬೆಳೀತೀಯ" ಅಂತ ಅವರಪ್ಪ. ಸ್ಕೂಲ್ ಯೂನಿಫಾರ್ಮಿಗೆ ಈ ಲೆಕ್ಕ ಸರಿ. ರೇಸ್ ಸೂಟಿಗೆ ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ವಾರಕ್ಕೊಬ್ಬರಾದರೂ ಹೀಗೇ ಕೊಂಡು ತಂದು ನನಗೆ ತೋರಿಸುತ್ತಾರೆ. ಅದಕ್ಕೇ ಈ ಲೇಖನ.

1. ಯಾವ ರೇಸ್ ಅಂತ ಮೊದಲು ತೀರ್ಮಾನಿಸಿ

ಚೆನ್ನೈ ಹತ್ತಿರದ ಇರುಂಗಾಟ್ಟುಕೊಟ್ಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ತರಹದ ಟಾರ್ ಟ್ರ್ಯಾಕ್ ಆದರೆ ಒಂದೇ ತುಂಡಿನ ಲೆದರ್ ಸೂಟ್. ಮಣ್ಣಿನ ಮೋಟೊಕ್ರಾಸ್ ಆದರೆ ಸಾಮಾನೇ ಬೇರೆ: ಮುಂದಿನ ಬೈಕಿನ ಟೈರ್ ಎರಚುವ ಕಲ್ಲು ತಡೆಯಲು ಎದೆಗೆ ಗಟ್ಟಿ ಗಾರ್ಡ್, ಮೊಣಕಾಲಿಗೆ ಕೀಲಿರುವ ಬ್ರೇಸ್. ಇಲ್ಲಿ ಹೇಳುತ್ತಿರುವುದು ಟಾರ್ ಟ್ರ್ಯಾಕಿನ ವಿಷಯ. ಕೊಳ್ಳುವ ಮುಂಚೆ ನಿಮ್ಮ ರೇಸಿನ ನಿಯಮಪುಸ್ತಕದಲ್ಲಿ ಗೇರ್ ಬಗ್ಗೆ ಏನಿದೆ ಓದಿಕೊಳ್ಳಿ.

2. ಪ್ಯಾಡ್ ಹೊರಗೆ ತೆಗೆದು ಚೀಟಿ ಓದಿ

ಲೆದರಿನ ಕೆಲಸ ಜಾರುವಾಗ ಚರ್ಮ ಕಿತ್ತುಹೋಗದಂತೆ ನೋಡಿಕೊಳ್ಳುವುದು. ಪೆಟ್ಟು ತಡೆಯುವುದು ಒಳಗಿನ ಪ್ಯಾಡ್, ಅಂದರೆ ಆರ್ಮರ್. ಸೂಟಿನ ಮೇಲೆ "ಸಿಇ" ಅನ್ನುವ ಯುರೋಪಿನ ಸುರಕ್ಷತಾ ಗುರುತು ಇದ್ದ ಮಾತ್ರಕ್ಕೆ ಒಳಗಿನ ಪ್ರತಿ ಪ್ಯಾಡೂ ಪಾಸಾಗಿದೆ ಅಂತಲ್ಲ. ಜಿಪ್ ತೆರೆದು ಪ್ಯಾಡನ್ನೇ ಈಚೆ ತೆಗೆಯಿರಿ. ಭುಜ, ಮೊಣಕೈ, ಮೊಣಕಾಲಿನ ಪ್ಯಾಡ್ ಮೇಲೆ ಇಎನ್ 1621-1 ಅಂತ, ಅಂದರೆ ಯುರೋಪಿನ ಮಾನದಂಡದ ನಂಬರ್, ಇರಬೇಕು. ಬೆನ್ನಿನದಕ್ಕೆ 1621-2, ಎದೆಯದಕ್ಕೆ 1621-3. ಪಕ್ಕದಲ್ಲೇ 1 ಅಥವಾ 2 ಅನ್ನುವ ಲೆವೆಲ್.

ಈ ಲೆವೆಲ್ ಏನು ಅಂದರೆ, 5 ಕೆಜಿ ತೂಕವನ್ನು ಸುಮಾರು ಒಂದು ಮೀಟರ್ ಎತ್ತರದಿಂದ ಪ್ಯಾಡಿನ ಮೇಲೆ ಬಿಟ್ಟು, ಕೆಳಗಡೆ ಎಷ್ಟು ಬಲ ದಾಟಿತು ಅಂತ ಅಳೆಯುತ್ತಾರೆ. ಬೆನ್ನಿನ ಪ್ಯಾಡ್ ಲೆವೆಲ್ 1 ಆದರೆ ಸರಾಸರಿ 18 ಕಿಲೋನ್ಯೂಟನ್ ದಾಟುವಂತಿಲ್ಲ, ಲೆವೆಲ್ 2 ಆದರೆ 9. ಅರ್ಧಕ್ಕೆ ಅರ್ಧ ವ್ಯತ್ಯಾಸ. ಕೈಕಾಲಿನ ಪ್ಯಾಡಿಗೆ ಈ ಮಿತಿ 35 ಮತ್ತು 20. ಬೆನ್ನಿಗೆ ಲೆವೆಲ್ 2 ಬಿಟ್ಟು ಬೇರೇನೂ ಕೊಳ್ಳಬೇಡಿ, ಇದರಲ್ಲಿ ಚರ್ಚೆಯೇ ಬೇಡ. ಮೊಣಕೈಗೆ ಮಾತ್ರ, ದಪ್ಪ ಲೆವೆಲ್ 2 ಕೂರದೆ ಅಲ್ಲಾಡುತ್ತಿದ್ದರೆ, ಸರಿಯಾಗಿ ಕೂರುವ ಲೆವೆಲ್ 1 ಎಷ್ಟೋ ಮೇಲು.

ಇನ್ನೊಂದು ಮಾತು. ಎಷ್ಟೋ ಜಾಕೆಟ್, ಸೂಟುಗಳ ಬೆನ್ನಿನ ಜೇಬಿನಲ್ಲಿ ಸುಮ್ನೆ ಒಂದು ಸ್ಪಂಜಿನ ಹಾಳೆ ಇಟ್ಟಿರುತ್ತಾರೆ. ನಂಬರ್ ಇಲ್ಲ, ಲೆವೆಲ್ ಇಲ್ಲ. ಅದು ಜೇಬು ತುಂಬಿಸಲು ಮಾತ್ರ. ತೆಗೆದು ಮನೆಯಲ್ಲಿ ಬೆಕ್ಕಿಗೆ ಹಾಸಿ.

3. ಅಳತೆ: ಎಲ್ಲರೂ ಎಡವುವುದು ಇಲ್ಲೇ

ಊಟ ಮಾಡಿದ ಮೇಲೆ ಅಂಗಡಿಗೆ ಹೋಗಿ. ಖಾಲಿ ಹೊಟ್ಟೆಯಲ್ಲಿ ಎಲ್ಲರೂ ಒಂದು ಸೈಜ್ ಸಣ್ಣ. ಟ್ರ್ಯಾಕಿನಲ್ಲಿ ಏನೇನು ಹಾಕುತ್ತೀರೋ ಅಷ್ಟೂ ಜೊತೆಗಿರಲಿ: ಒಳಗಿನ ಬನಿಯನ್, ಬ್ಯಾಕ್ ಪ್ರೊಟೆಕ್ಟರ್ (ಬೆನ್ನಿನ ಪ್ಯಾಡ್), ಬೂಟು, ಹೆಲ್ಮೆಟ್.

ಸೂಟ್ ತೊಟ್ಟು ಜಿಪ್ ಪೂರ್ತಿ ಎಳೆದು ನೆಟ್ಟಗೆ ನಿಂತರೆ, ಯಾರೋ ಹೆಗಲು ಹಿಡಿದು ಕೆಳಗೆ ಜಗ್ಗಿದ ಹಾಗೆ ಅನಿಸಬೇಕು. ಗೂನು ಬೆನ್ನಿನ ಅಜ್ಜನ ಹಾಗೆ ನಿಲ್ಲುವಂತಾದರೆ ಸೈಜ್ ಸರಿ. ನಿಂತಾಗ ಹಾಯಾಗಿದೆ ಅಂದರೆ ಬೈಕ್ ಮೇಲೆ ಬಾಗಿದಾಗ ಸಡಿಲ ಅಂತಲೇ ಅರ್ಥ. ಈಗ ಬೈಕ್ ಹತ್ತಿ. ಅಂಗಡಿಯವರ ಹತ್ತಿರ ಇಲ್ಲದಿದ್ದರೆ ಹೊರಗೆ ನಿಲ್ಲಿಸಿದ ನಿಮ್ಮದೇ ಬೈಕ್. ನಗುವವರು ನಗಲಿ. ಗದ್ದ ಟ್ಯಾಂಕಿಗೆ ತಾಗಿಸಿ ಮುಂದೆ ನೋಡಿ. ಹೆಲ್ಮೆಟ್ಟಿನ ಹಿಂದಿನ ಅಂಚು ಬೆನ್ನಿನ ಪ್ಯಾಡಿಗೆ ಬಡಿದು ತಲೆ ಮೇಲೆ ಏಳದಿದ್ದರೆ ಪ್ಯಾಡ್ ಉದ್ದವಾಯಿತು. ಕೆಳಗಡೆ ಸೊಂಟ ಬಿಟ್ಟು ಮೇಲೇರಿದರೆ ಗಿಡ್ಡ. ಬ್ಯಾಕ್ ಪ್ರೊಟೆಕ್ಟರ್ ಸೈಜನ್ನು ನಿಮ್ಮ ಎತ್ತರ ನೋಡಿ ಕೊಳ್ಳಬೇಡಿ. ಸೊಂಟದಿಂದ ಭುಜದವರೆಗೆ ಟೇಪ್ ಹಿಡಿದು ಅಳೆದು, ಚೀಟಿಯಲ್ಲಿರುವ ಸೆಂಟಿಮೀಟರ್ ಜೊತೆ ಹೋಲಿಸಿ.

ಮೊಣಕಾಲು ಮಡಚಿದಾಗ ಪ್ಯಾಡಿನ ನಡುಭಾಗ ಚಿಪ್ಪಿನ ಮೇಲೇ ಇರಬೇಕು. ಆ ಹುಡುಗನನ್ನು ನನ್ನ ಬೈಕ್ ಮೇಲೆ ಕೂರಿಸಿ ನೋಡಿದರೆ ನಾಲ್ಕು ಬೆರಳು ಕೆಳಗಿತ್ತು! ಕೊನೆಗೆ ಮೊಣಕೈ. ಜೊತೆಯವರೊಬ್ಬರು ಲೆದರಿನ ಮೇಲಿಂದಲೇ ಪ್ಯಾಡನ್ನು ಗಟ್ಟಿಯಾಗಿ ಹಿಡಿದು, ಜಾಡಿಯ ಮುಚ್ಚಳ ತಿರುಗಿಸುವ ಹಾಗೆ ತಿರುಗಿಸಲಿ. ಎರಡು ಬೆರಳಿಗಿಂತ ಜಾಸ್ತಿ ಸರಿದರೆ ಸೂಟ್ ವಾಪಸ್ ಕೊಡಿ. ನಾನು ಕೊಡಲಿಲ್ಲ. ಇರುಂಗಾಟ್ಟುಕೊಟ್ಟೈನಲ್ಲಿ ಬಿದ್ದಾಗ ತೋಳು ನೆಲಕ್ಕೆ ಉಜ್ಜಿ ಪ್ಯಾಡ್ ಒಳಬದಿಗೆ ತಿರುಗಿಬಿಟ್ಟಿತ್ತು. ಆಮೇಲೆ ತೆಗೆದು ನೋಡಿದರೆ ಪ್ಯಾಡ್ ಹೊಸದರ ಹಾಗೇ ಇತ್ತು, ಬಿರುಕು ಬಿಟ್ಟಿದ್ದು ಮೂಳೆ.

ಬಾಗಿದ ಭಂಗಿಯಲ್ಲೇ ಹತ್ತು ನಿಮಿಷ ಕೂತಿರಿ. ಬೆರಳು ಜೋಮು ಹಿಡಿದರೆ, ಉಸಿರು ಕಟ್ಟಿದರೆ ತೀರಾ ಬಿಗಿ. ಬರೀ ಬಿಗಿ ಅನಿಸಿದರೆ ಚಿಂತೆಯಿಲ್ಲ, ಲೆದರ್ ಬಳಸುತ್ತಾ ಸ್ವಲ್ಪ ಸಡಿಲವಾಗುತ್ತದೆ.

4. ಏರ್‌ಬ್ಯಾಗ್ ಬೇಕಾ?

ಏರ್‌ಬ್ಯಾಗ್ ಅಂದರೆ ಇಲ್ಲಿ ಮೈಮೇಲೆ ತೊಡುವಂಥದ್ದು, ಬಿದ್ದಾಗ ಗಾಳಿ ತುಂಬಿ ಉಬ್ಬುತ್ತದೆ. ವಿಶ್ವಮಟ್ಟದ ಬೈಕ್ ರೇಸ್ ಮೋಟೊಜಿಪಿಯಲ್ಲಿ 2018ರಿಂದ ಇದು ಕಡ್ಡಾಯ. ದುಡ್ಡಿದ್ದರೆ ಖಂಡಿತ ತೆಗೆದುಕೊಳ್ಳಿ, ಆದರೆ ಸೂಟಿಗಿಂತ ಮೊದಲು. ಗಾಳಿ ತುಂಬಿದಾಗ ಉಬ್ಬಲು ಒಳಗೆ ಜಾಗ ಬೇಕಲ್ವಾ? ಬಿಗಿ ಸೂಟಿನೊಳಗೆ ಆಮೇಲೆ ತುರುಕಿದರೆ ಅದು ಪಕ್ಕೆಲುಬನ್ನೇ ಒತ್ತುತ್ತದೆ. ಬೈಕಿಗೆ ಹಗ್ಗ ಕಟ್ಟಿ, ಬಿದ್ದಾಗ ಆ ಹಗ್ಗ ಎಳೆದರೆ ಉಬ್ಬುವ ಬಗೆಯದು ಟ್ರ್ಯಾಕಿಗೆ ನನಗೆ ಹಿಡಿಸುವುದಿಲ್ಲ. ತಿರುವಿನಲ್ಲಿ ಬೈಕ್ ಜಾರಿದಾಗ ನೀವೂ ಅದರ ಜೊತೆಗೇ ಜಾರುತ್ತಿರುತ್ತೀರಿ, ಹಗ್ಗ ಎಳೆಯುವಷ್ಟು ದೂರ ಆಗುವ ಹೊತ್ತಿಗೆ ತಡ. ಬೀಳುವುದನ್ನು ತಾನೇ ಗುರುತಿಸುವ ಸೆನ್ಸರ್ ಇರುವುದೇ ಬೇಕು. ಅದಕ್ಕೆ ದುಡ್ಡು ಸಾಲದಿದ್ದರೆ ಎದೆಗೆ ಒಂದು ಒಳ್ಳೆ ಪ್ಯಾಡ್ ಕೊಳ್ಳಿ. ನಮ್ಮಲ್ಲಿ ಎಲ್ಲರೂ ಮರೆಯುವುದು ಎದೆಯನ್ನೇ.

5. ಸೆಕೆಂಡ್ ಹ್ಯಾಂಡ್, ಬಿಸಿಲು

ದುಡ್ಡು ಉಳಿಸಲು ಒಳ್ಳೆ ದಾರಿ: ಹಳೇ ಲೆದರ್, ಹೊಸ ಪ್ಯಾಡ್. ಹೊಲಿಗೆಯನ್ನು ಎರಡೂ ಕಡೆಯಿಂದ ಎಳೆದು ನೋಡಿ, ದಾರ ಹಲ್ಲು ಕಿರಿದರೆ ಬೇಡ. ಉಲ್ಟಾ ಮಾಡಬೇಡಿ, ಅಂದರೆ ಹೊಸ ಸೂಟಿಗೆ ಇನ್ನೊಬ್ಬರು ಬಿದ್ದೆದ್ದ ಪ್ಯಾಡ್ ಹಾಕಬೇಡಿ. ಒಂದು ಜೋರು ಪೆಟ್ಟು ತಿಂದ ಪ್ಯಾಡ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಬೇಕು.

ಚೆನ್ನೈ ಬಿಸಿಲಿಗೆ ತೂತಿರುವ ಲೆದರ್ ತಗೊಳ್ಳಿ. ಮೆತ್ತಗಿನ ಪ್ಯಾಡುಗಳು ಕಾವಿಗೆ ಇನ್ನಷ್ಟು ಮೆತ್ತಗಾಗುತ್ತವೆ. ಅದಕ್ಕೇ ಕೈಕಾಲಿನ ಪ್ಯಾಡ್ ಚೀಟಿಯಲ್ಲಿ "ಟಿ ಪ್ಲಸ್" ಗುರುತು ಹುಡುಕಿ, 40 ಡಿಗ್ರಿಯಲ್ಲೂ ಪರೀಕ್ಷೆ ಪಾಸಾಗಿದೆ ಅಂತ ಅದರರ್ಥ. ಮನೆಗೆ ಬಂದ ಮೇಲೆ ಪ್ಯಾಡ್ ತೆಗೆದು ಕೈಯಲ್ಲೇ ತೊಳೆದು ನೆರಳಲ್ಲಿ ಆರಿಸಿ. ವಾಪಸ್ ಹಾಕುವಾಗ ಎಡದ್ದು ಎಡಕ್ಕೇ ಹೋಯಿತಾ ನೋಡಿಕೊಳ್ಳಿ.