ವಾರಿಕ್ ವಿಶ್ವವಿದ್ಯಾಲಯಕ್ಕೆ ಬರುವವರು ಮನೆ ಹಿಡಿಯುವ ಮೊದಲು ತಿಳಿದಿರಬೇಕಾದ ತೆರಿಗೆ

ವೀಸಾ, ಚಳಿಗಾಲದ ಕೋಟು, ಕುಕ್ಕರ್ ತರಬೇಕೋ ಬೇಡವೋ ಎಂಬುದರ ಬಗ್ಗೆ ಸಲಹೆ ಕೊಡುವವರು ಬೇಕಾದಷ್ಟು ಮಂದಿ ಇರುವುದರಿಂದ ಅವನ್ನೆಲ್ಲ ಇಲ್ಲಿ ಬಿಟ್ಟಿದ್ದೇನೆ. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯಕ್ಕೆ ವರ್ಷವರ್ಷವೂ ಬರುವ ನಮ್ಮ ವಿದ್ಯಾರ್ಥಿಗಳು ಎಡವುವುದು ಬೇರೊಂದು ಕಡೆ, ಮತ್ತು ಅದಕ್ಕೂ ಈ ಸಂಸ್ಥೆ ಹುಟ್ಟಿದ ರೀತಿಗೂ ಸಂಬಂಧವಿದೆ.

ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಸಸೆಕ್ಸ್, ಯಾರ್ಕ್, ಎಸೆಕ್ಸ್ ಮೊದಲಾದ ಹೊಸ ವಿಶ್ವವಿದ್ಯಾಲಯಗಳು ಊರ ಹೊರಗಿನ ಬಯಲುಗಳಲ್ಲಿ ಎದ್ದು ನಿಂತವು. ನಮ್ಮ ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದ ಮರುವರ್ಷ, ಅಂದರೆ 1965ರಲ್ಲಿ, ವಾರಿಕ್‌ಗೆ ರಾಜಸನ್ನದು ದೊರೆಯಿತು. ಜಾಕ್ ಬಟರ್‌ವರ್ತ್ ಅದರ ಮೊದಲ ಕುಲಪತಿ. ಕೊವೆಂಟ್ರಿ ನಗರ ಮತ್ತು ವಾರಿಕ್‌ಶೈರ್ ಕೌಂಟಿ ಎರಡೂ ಭೂಮಿ ಕೊಟ್ಟವು. ಕ್ಯಾಂಪಸ್ ಇರುವುದು ಕೊವೆಂಟ್ರಿಯ ಅಂಚಿನಲ್ಲಿ, ಹೆಸರು ಮಾತ್ರ ಹಲವು ಮೈಲಿ ದೂರದ ವಾರಿಕ್‌ನದು, ನಗರಕ್ಕೂ ಕೌಂಟಿಗೂ ನಡುವಿನ ಗಡಿ ಹಾದುಹೋಗುವುದು ಈ ಜಾಗದಲ್ಲೇ. ಆದ್ದರಿಂದ ರೈಲಿನ ಟಿಕೆಟನ್ನು ವಾರಿಕ್‌ಗೆ ತೆಗೆಯದೆ ಕೊವೆಂಟ್ರಿಗೆ ತೆಗೆಯಿರಿ. ಸಾಮಾನು ಹೊತ್ತು ತಪ್ಪು ಊರಿನಲ್ಲಿ ಇಳಿದವರ ಕಥೆ ಇಲ್ಲಿ ಹಳೆಯದಾಯಿತು.

ಕ್ಯಾಂಪಸ್ಸಿನ ಸೌಲಭ್ಯಗಳ ಬಗ್ಗೆ ದೂರುವಂಥದ್ದು ಕಡಿಮೆ. ನಾಟಕ, ಸಂಗೀತ, ಸಿನಿಮಾ, ಚಿತ್ರಪ್ರದರ್ಶನ ನಾಲ್ಕಕ್ಕೂ ನೆಲೆಯಾದ ಕಲಾಕೇಂದ್ರ 1974ರಲ್ಲಿ ಆರಂಭವಾಯಿತು. ಈಜುಕೊಳ ಸಹಿತವಾದ ಕ್ರೀಡಾಕೇಂದ್ರ 2019ರದು. ಬೆಂಗಳೂರಿನಲ್ಲಿ ಹುಟ್ಟಿದ ಕುಮಾರ್ ಭಟ್ಟಾಚಾರ್ಯ ಅವರು 1980ರಲ್ಲಿ ಕಟ್ಟಿದ ಡಬ್ಲ್ಯುಎಂಜಿ ಎಂಬ ತಯಾರಿಕಾ ವಿಭಾಗಕ್ಕೇ ನಮ್ಮ ಎಂಜಿನಿಯರುಗಳಲ್ಲಿ ಅನೇಕರು ಬರುತ್ತಾರೆ. ಕಾರ್ಖಾನೆಗಳೊಂದಿಗೆ ಹೀಗೆ ನೇರವಾಗಿ ದುಡಿಯುವ ವಿಭಾಗ ನಮ್ಮ ಜ್ಞಾನಭಾರತಿಗೂ ಮಾನಸಗಂಗೋತ್ರಿಗೂ ಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ತೊಂದರೆ ಶುರುವಾಗುವುದು ಕ್ಯಾಂಪಸ್ಸಿನ ಹಾಸ್ಟೆಲು ಬಿಟ್ಟು ಹೊರಗೆ ಮನೆ ಹಿಡಿದಾಗ. ನಮ್ಮಲ್ಲಿ ಮನೆಯ ಕಂದಾಯ ಮಾಲೀಕರ ತಲೆನೋವು. ಬಾಡಿಗೆದಾರನಿಗೆ ಅದರ ಮೊತ್ತವೂ ತಿಳಿದಿರುವುದಿಲ್ಲ. ಇಲ್ಲಿ ಕೌನ್ಸಿಲ್ ಟ್ಯಾಕ್ಸ್ ಎಂಬ ಸ್ಥಳೀಯ ತೆರಿಗೆಯನ್ನು ಸಾಮಾನ್ಯವಾಗಿ ಮನೆಯಲ್ಲಿ ವಾಸಿಸುವವರೇ ಕಟ್ಟಬೇಕು. ಪೂರ್ಣಾವಧಿ ವಿದ್ಯಾರ್ಥಿಗಳಷ್ಟೇ ವಾಸಿಸುವ ಮನೆಗೆ ವಿನಾಯಿತಿ ಇದೆ ನಿಜ, ಆದರೆ ಅದು ತಾನಾಗಿ ಬರುವುದಿಲ್ಲ. ವಿದ್ಯಾರ್ಥಿ ಎಂಬುದಕ್ಕೆ ವಿಶ್ವವಿದ್ಯಾಲಯದ ದೃಢೀಕರಣವನ್ನು ಕೌನ್ಸಿಲ್ಲಿಗೆ, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಗೆ, ಒದಗಿಸಿ ಕೇಳಿ ಪಡೆಯಬೇಕು. ಯಾವ ಕೌನ್ಸಿಲ್ಲಿಗೆ ಎಂಬುದನ್ನು ನಿರ್ಧರಿಸುವುದು ಕ್ಯಾಂಪಸ್ಸಿನ ವಿಳಾಸವಲ್ಲ, ನಿಮ್ಮ ಮನೆಯ ವಿಳಾಸ. ಕ್ಯಾನ್ಲಿ ಅಥವಾ ಅರ್ಲ್ಸ್‌ಡನ್‌ನಲ್ಲಿದ್ದರೆ ಕೊವೆಂಟ್ರಿ ನಗರದ್ದು. ಲೆಮಿಂಗ್ಟನ್ ಅಥವಾ ಕೆನಿಲ್ವರ್ತ್‌ನಲ್ಲಿದ್ದರೆ ವಾರಿಕ್ ಜಿಲ್ಲೆಯದು. ಒಂದಕ್ಕೆ ಕಳಿಸಿದ ಪತ್ರವನ್ನು ಇನ್ನೊಂದು ನೋಡಿರುತ್ತದೆ ಎಂದು ನಂಬಬೇಡಿ.

ಹಾಸನದ ಕಡೆಯ ಹುಡುಗನೊಬ್ಬ ಲೆಮಿಂಗ್ಟನ್ನಿನಲ್ಲಿ ಸ್ನೇಹಿತರೊಂದಿಗೆ ಮನೆ ಮಾಡಿ, ಬಂದ ಲಕೋಟೆಗಳನ್ನೆಲ್ಲ ಮಾಲೀಕರದೆಂದು ಭಾವಿಸಿ ಕಿಟಕಿಯ ಹತ್ತಿರ ಪೇರಿಸಿಟ್ಟಿದ್ದ. ನಾನು ಒಂದೊಂದಾಗಿ ಒಡೆದು ನೋಡಿದಾಗ ಮೊದಲನೆಯದು ಬಿಲ್ಲು, ಎರಡನೆಯದು ಜ್ಞಾಪನ, ಮೂರನೆಯದು ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಸಮನ್ಸು. ಇಲ್ಲಿನ ಕ್ರಮವೇ ಹಾಗೆ: ಜ್ಞಾಪನ ಬಂದ 7 ದಿನಗಳಲ್ಲಿ ಕಂತು ಕಟ್ಟದಿದ್ದರೆ ಕಂತಿನ ಸವಲತ್ತೇ ರದ್ದಾಗಿ ವರ್ಷದ ಉಳಿದ ಮೊತ್ತವನ್ನೆಲ್ಲ ಒಟ್ಟಿಗೆ ಕೇಳಬಹುದು, ಸಮನ್ಸಿನ ಖರ್ಚು ಅದರ ಮೇಲೆ ಬೀಳುತ್ತದೆ. ದೃಢೀಕರಣ ತಡವಾಗಿ ತಲುಪಿ ತೆರಿಗೆ ರದ್ದಾದರೂ ಆ ಖರ್ಚು ಮಾತ್ರ ಅವನ ತಲೆಗೇ ಬಂತು.

ಬಾಡಿಗೆದಾರನ ನೆಮ್ಮದಿಗೆ ನಮ್ಮ ಪದ್ಧತಿಯೇ ಮೇಲು. ಆದರೆ ಪೊಲೀಸಿಗೆ ಎಷ್ಟು, ಕೌಂಟಿಗೆ ಎಷ್ಟು ಎಂದು ಬಿಡಿಸಿ ತೋರಿಸುವ ಈ ಬಿಲ್ಲನ್ನು ಓದಿದ ಮೇಲೆ, ಬೀದಿದೀಪ ಕೆಟ್ಟರೆ ದೂರು ಕೊಡುವ ಧೈರ್ಯ ಬರುತ್ತದೆಂಬುದನ್ನೂ ಒಪ್ಪಿಕೊಳ್ಳಬೇಕು.

ಇನ್ನೆರಡು ಎಚ್ಚರಿಕೆಗಳು. ಒಂದು ವರ್ಷದ ಸ್ನಾತಕೋತ್ತರ ಕೋರ್ಸಿನವರ ವಿನಾಯಿತಿ ಕೋರ್ಸು ಮುಗಿಯುವ ದಿನಕ್ಕೇ ನಿಲ್ಲುತ್ತದೆ. ವೀಸಾದಲ್ಲಿ ಇನ್ನೂ ತಿಂಗಳುಗಳು ಉಳಿದಿರುವುದು ಇಲ್ಲಿ ಲೆಕ್ಕಕ್ಕಿಲ್ಲ. ಓದು ಮುಗಿಸಿ ಕೆಲಸಕ್ಕೆ ಸೇರಿದ ಒಬ್ಬರು ವಿದ್ಯಾರ್ಥಿಗಳ ನಡುವೆ ಉಳಿದುಕೊಂಡರೂ ಮನೆಗೆ ಬಿಲ್ಲು ಬರುತ್ತದೆ. ಅದರಲ್ಲಿ ಶೇಕಡಾ 25 ರಿಯಾಯಿತಿ ಇದ್ದು, ಹೊಣೆ ಆ ಒಬ್ಬರದೇ ಆಗಿರುತ್ತದೆ. ಸ್ನೇಹದ ಹೆಸರಿನಲ್ಲಿ ಎಲ್ಲರೂ ಹಂಚಿಕೊಳ್ಳುವ ಮೊದಲು, ಅವರು ಕೆಲಸಕ್ಕೆ ಸೇರಿದ ವಾರವೇ ಕೌನ್ಸಿಲ್ಲಿಗೆ ತಿಳಿಸಿ ಬಿಲ್ಲನ್ನು ಅವರ ಹೆಸರಿಗೆ ಮಾಡಿಸಿ.