ಲೇಔಟ್‌ನಲ್ಲಿ ಒಂದೇ ಕಂಪನಿಯ ಇಂಟರ್ನೆಟ್ಟಾ? ಎರಡನೇ ಕೇಬಲ್ ಒಳಗೆ ತರೋದು ಹೀಗೆ

ಕುಶಾಲನಗರದ ಹತ್ತಿರ ನಮ್ಮದೊಂದು ಸಣ್ಣ ಲೇಔಟ್, ನಲವತ್ತು ಚಿಲ್ಲರೆ ಮನೆ. ಎರಡು ವರ್ಷದ ಹಿಂದೆ ಜುಲೈನಲ್ಲಿ ಐದು ದಿನ ಇಂಟರ್ನೆಟ್ ಇಲ್ಲದೆ ಕೂತು, ಆರನೇ ದಿನ ಬೇರೆ ಕಂಪನಿಯ ಹುಡುಗನನ್ನು ಕರೆಸಿದೆ. ಪಾಪ, ಆ ಮಳೆಯಲ್ಲಿ ಫೈಬರ್ ಸುರುಳಿ ಹೆಗಲಿಗೆ ಹಾಕಿಕೊಂಡು ಬೈಕಿನಲ್ಲಿ ಬಂದ. ಗೇಟಿನಲ್ಲೇ ವಾಪಸ್ ಕಳಿಸಿದರು. "ಬೇರೆ ಕಂಪನಿಗೆ ಪರ್ಮಿಷನ್ ಇಲ್ಲ ಸಾರ್, ಬಿಲ್ಡರ್ ಅಗ್ರಿಮೆಂಟ್ ಆಗಿದೆ." ಮನೆ ನನ್ನದು, ಸಾಲ ನನ್ನದು, ಕಂದಾಯ ಕಟ್ಟೋದೂ ನಾನೇ, ಆದರೆ ನನ್ನ ಗೋಡೆಗೆ ಯಾರ ಕೇಬಲ್ ಬರಬೇಕು ಅಂತ ತೀರ್ಮಾನ ಮಾಡಿದ್ದು ಮನೆ ಮಾರಿ ಮೈಸೂರಿಗೆ ಹೋದವರು.

ಈಗ ನಮ್ಮಲ್ಲಿ ಎರಡು ಕಂಪನಿಯ ಲೈನ್ ಇದೆ. ಅದಕ್ಕೆ ಎಂಟು ತಿಂಗಳು ಹಿಡಿಯಿತು. ಅದರಲ್ಲಿ ನಾಲ್ಕು ತಿಂಗಳು ನಾನು ಸುಮ್ನೆ ತಪ್ಪು ಬಾಗಿಲು ತಟ್ಟಿದ್ದೆ. ನೀವು ತಟ್ಟಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಅಡ್ಡ ಇರೋದು ಅಗ್ರಿಮೆಂಟಾ, ಅಲ್ವಾ?

ಕೊಡಗಿನಲ್ಲಿ ಎಷ್ಟೋ ಕಡೆ ಒಂದೇ ಕಂಪನಿ ಇರುವುದಕ್ಕೆ ಯಾವ ಅಗ್ರಿಮೆಂಟೂ ಕಾರಣ ಅಲ್ಲ. ತೋಟದ ನಡುವೆ ಹತ್ತು ಮನೆಗೋಸ್ಕರ ಎರಡು ಕಿಲೋಮೀಟರ್ ಕೇಬಲ್ ಎಳೆಯಲು ಯಾರಿಗೂ ಪುರುಸೊತ್ತಿಲ್ಲ, ಅಷ್ಟೇ. ಅದಕ್ಕೇ ಮೊದಲು ಬೇರೆ ಎರಡು ಕಂಪನಿಗೆ ಫೋನ್ ಮಾಡಿ ನಿಮ್ಮ ಮನೆಗೆ ಲೈನ್ ಕೊಡಲು ಆಗುತ್ತದಾ ಕೇಳಿ. ಕಸ್ಟಮರ್ ಕೇರ್‌ಗಿಂತ ಆ ಏರಿಯಾದ ಲೈನ್‌ಮ್ಯಾನ್‌ನ ಮಾತು ಗಟ್ಟಿ. ಹತ್ತಿರದ ಬಾಕ್ಸ್ ಯಾವ ಕಂಬದ ಮೇಲಿದೆ, ಅದರಲ್ಲಿ ಜಾಗ ಖಾಲಿ ಇದೆಯಾ ಅಂತ ಅವನಿಗೆ ಮಾತ್ರ ಗೊತ್ತಿರುತ್ತದೆ. ಅವನು "ನಮಗೆ ರೆಡಿ ಇದೆ, ನಿಮ್ಮವರು ಒಳಗೆ ಬಿಡಲ್ಲ" ಅಂದರೆ ಮಾತ್ರ ನಿಮ್ಮದು ಅಗ್ರಿಮೆಂಟ್ ಸಮಸ್ಯೆ.

ಆಮೇಲೆ ಕಾಗದ ಕೇಳಿ. ಬಾಯಿಮಾತಿನ "ಅಗ್ರಿಮೆಂಟ್ ಆಗಿದೆ" ಅನ್ನುವುದನ್ನು ನಂಬಬೇಡಿ. ನಿಮ್ಮ ಸೇಲ್ ಅಗ್ರಿಮೆಂಟ್, ಕ್ರಯಪತ್ರ, ಮೇಂಟೆನೆನ್ಸ್ ಅಗ್ರಿಮೆಂಟ್ ಮೂರನ್ನೂ ತೆಗೆದು ಕೂತು ಓದಿ, ಕೊನೆಯಲ್ಲಿ ಅಂಟಿಸಿರುವ ಅನುಬಂಧ ಬಿಡಬೇಡಿ, ನಮ್ಮದರಲ್ಲಿ ಆ ಸಾಲು ಅಡಗಿದ್ದದ್ದು ಅಲ್ಲೇ, ಈಜುಕೊಳದ ನಿಯಮದ ಕೆಳಗೆ (ಈಜುಕೊಳ ಇವತ್ತಿಗೂ ಬಂದಿಲ್ಲ, ಆ ಮಾತು ಬೇರೆ). ಬಿಲ್ಡರ್ ಮತ್ತು ಕಂಪನಿ ನಡುವಿನ ಒಪ್ಪಂದದ ಪ್ರತಿಯನ್ನು ಅಸೋಸಿಯೇಷನ್ ಲೆಟರ್‌ಹೆಡ್‌ನಲ್ಲಿ ಬರೆದು ಕೇಳಿ.

ಕಾಗದ ಕೈಗೆ ಬಂದರೆ ಅದು ಮೂರರಲ್ಲಿ ಯಾವುದು ಅಂತ ನೋಡಬೇಕು. ಇಲ್ಲೇ ನಾನು ಎಡವಿದ್ದು.

ಒಂದು, ಬೇರೆ ಯಾರೂ ಕೇಬಲ್ ಎಳೆಯಬಾರದು ಅನ್ನುವ ಒಪ್ಪಂದ. ಇದು ನಿಜವಾದ ಬೀಗ. ಎರಡು, ಲೇಔಟ್ ಒಳಗೆ ಬೋರ್ಡ್ ಹಾಕುವ, ಪಾಂಪ್ಲೆಟ್ ಹಂಚುವ ಹಕ್ಕು ಒಬ್ಬರಿಗೇ ಅನ್ನುವುದು. ಇದು ಬರೀ ಪ್ರಚಾರದ ಒಪ್ಪಂದ, ಬೇರೆಯವರು ಲೈನ್ ಕೊಡುವುದನ್ನು ತಡೆಯುವುದಿಲ್ಲ, ಆದರೆ ಗೇಟಿನವರಿಗೆ ಈ ವ್ಯತ್ಯಾಸ ಯಾರೂ ಹೇಳಿರುವುದಿಲ್ಲ. ನಮ್ಮದು ಇದೇ ಆಗಿತ್ತು! ನಾಲ್ಕು ತಿಂಗಳು ಇಲ್ಲದ ಬೀಗ ಒಡೆಯಲು ಹೊರಟಿದ್ದೆ. ಮೂರು, ಇಂಟರ್ನೆಟ್ ದುಡ್ಡನ್ನು ಮೇಂಟೆನೆನ್ಸ್ ಒಳಗೇ ಸೇರಿಸಿ ಎಲ್ಲ ಮನೆಯಿಂದ ವಸೂಲಿ ಮಾಡುವುದು. ಇದರಲ್ಲಿ ಬೇರೆ ಲೈನ್ ಹಾಕಿಸಬಹುದು, ಆದರೆ ಎರಡೂ ಕಡೆ ದುಡ್ಡು ಕಟ್ಟಬೇಕು.

ಅಮೆರಿಕದಲ್ಲೂ ಈ ಮೂರೂ ಬಗೆ ಇದ್ದವು. ಅಲ್ಲಿನ ಎಫ್‌ಸಿಸಿ (ಟೆಲಿಕಾಂ ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ವಸತಿ ಕಟ್ಟಡಗಳಲ್ಲಿ ಟೆಲಿಕಾಂ ಕಂಪನಿಗಳ ಮೊದಲನೇ ಬಗೆಯ ಒಪ್ಪಂದವನ್ನು 2008ರಲ್ಲಿ ನಿಷೇಧಿಸಿತು. 2022ರಲ್ಲಿ ಕಟ್ಟಡದ ಮಾಲೀಕರಿಗೆ ಪಾಲು ಕೊಟ್ಟು ಬೇರೆಯವರನ್ನು ಹೊರಗಿಡುವ ಕೆಲವು ಒಪ್ಪಂದಗಳಿಗೂ ಕಡಿವಾಣ ಹಾಕಿತು. ಎರಡನೇ ಬಗೆ ಅಲ್ಲಿ ಈಗಲೂ ನಡೆಯುತ್ತದೆ, ಆದರೆ ನಿವಾಸಿಗಳಿಗೆ ತಿಳಿಸಿ ಮಾಡಬೇಕು.

ನಮ್ಮಲ್ಲಿ ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) 2017ರ ಜನವರಿಯಲ್ಲೇ ಹೇಳಿತ್ತು, ವಸತಿ ಸಂಕೀರ್ಣದ ಒಳಗಿನ ಕೇಬಲ್, ಅದು ಹಾದುಹೋಗುವ ಕೊಳವೆ ಅಂದರೆ ಡಕ್ಟ್‌ಗಳನ್ನು ಕಂಪನಿಗಳು ಹಂಚಿಕೊಳ್ಳಬೇಕು, ಬೇರೆಯವರನ್ನು ತಡೆಯುವ ಒಪ್ಪಂದ ಮಾಡಿಕೊಂಡರೆ ಅದನ್ನು ಲೈಸೆನ್ಸ್ ಉಲ್ಲಂಘನೆ ಅಂತ ನೋಡಬಹುದು ಅಂತ. ಅದು ಸರ್ಕಾರಕ್ಕೆ ಮಾಡಿದ ಶಿಫಾರಸು, ಅದನ್ನೇ ಕಾನೂನು ಅಂತ ಜಗಳದಲ್ಲಿ ಬಳಸಬೇಡಿ. 2023ರ ದೂರಸಂಪರ್ಕ ಕಾಯ್ದೆ ಇನ್ನೂ ಗಟ್ಟಿ. ಕೇಬಲ್ ಎಳೆಯುವ ದಾರಿಹಕ್ಕನ್ನು ತಾರತಮ್ಯ ಇಲ್ಲದೆ, ಆದಷ್ಟೂ ಒಬ್ಬರಿಗೇ ಮೀಸಲಿಡದೆ ಕೊಡಬೇಕು ಅನ್ನುವುದು ಅದರಲ್ಲಿದೆ. ಪತ್ರ ಬರೆಯುವಾಗ ಇದನ್ನು ಒಂದು ಸಾಲಿನಲ್ಲಿ ಹೇಳಿ. ಓದಿದವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ರಸ್ತೆ ಯಾರದ್ದು?

ಇದನ್ನು ಯಾರೂ ಕೇಳುವುದಿಲ್ಲ. ಆದರೆ ಇಡೀ ವಿಷಯದ ಕೀಲಿ ಇಲ್ಲೇ ಇದೆ.

ಅನುಮೋದನೆ ಆದ ಲೇಔಟ್ ಆದರೆ ರಸ್ತೆ, ಪಾರ್ಕ್ ಎಲ್ಲ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗಬೇಕು. ಆಗಿದ್ದರೆ ಆ ರಸ್ತೆಯಲ್ಲಿ ಯಾರು ಕೇಬಲ್ ಎಳೆಯಬೇಕು ಅಂತ ಹೇಳಲು ಬಿಲ್ಡರ್ ಯಾರು? ಅನುಮತಿ ಕೇಳಬೇಕಾದದ್ದು ಪುರಸಭೆಯನ್ನೋ ಪಂಚಾಯ್ತಿಯನ್ನೋ. ಗೇಟ್ ಹಾಕಿ ಸೆಕ್ಯೂರಿಟಿ ಕೂರಿಸಿದ ಮಾತ್ರಕ್ಕೆ ರಸ್ತೆ ಖಾಸಗಿ ಆಗುವುದಿಲ್ಲ.

ತಿಳಿದುಕೊಳ್ಳಲು ಒಂದು ಆರ್‌ಟಿಐ ಹಾಕಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಅನ್ನುವ ನಿಯಮ ಇದೆ. ನಾನು ಮೊದಲ ಅರ್ಜಿಯಲ್ಲಿ ಚರಂಡಿ, ಬೀದಿದೀಪ, ಕೇಬಲ್ ಎಲ್ಲ ಸೇರಿಸಿ ಎರಡು ಪುಟ ಬರೆದಿದ್ದೆ, ತಿರಸ್ಕಾರ ಆಯಿತು. ಇಷ್ಟೇ ಕೇಳಿ: ಇಂಥ ಸರ್ವೆ ನಂಬರಿನ ಲೇಔಟ್‌ನ ರಸ್ತೆಗಳು ಹಸ್ತಾಂತರ ಆಗಿವೆಯೇ, ಆಗಿದ್ದರೆ ಪತ್ರದ ಪ್ರತಿ ಕೊಡಿ.

ಅಪಾರ್ಟ್‌ಮೆಂಟ್ ಆದರೆ ಲೆಕ್ಕ ಬೇರೆ. ಅಲ್ಲಿ ಡಕ್ಟ್, ಮೆಟ್ಟಿಲು, ಟೆರೇಸು ಸಾಮಾನ್ಯ ಜಾಗ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ಬಿಲ್ಡರ್ ಅದನ್ನು ಮಾಲೀಕರ ಸಂಘಕ್ಕೆ ಬಿಟ್ಟುಕೊಡಬೇಕು. ಬಿಟ್ಟುಕೊಡದೆ ಎಳೆದಾಡುತ್ತಿದ್ದರೆ, ಪ್ರಾಜೆಕ್ಟ್ ರೇರಾದಲ್ಲಿ ನೋಂದಣಿ ಆಗಿದ್ದರೆ, ಕರ್ನಾಟಕ ರೇರಾಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು.

ಒಬ್ಬರೇ ಹೋಗಬೇಡಿ

ನಾನೊಬ್ಬನೇ ಕೂಗಾಡುತ್ತಿದ್ದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಪನಿಯವರಿಗೂ ಒಂದು ಮನೆಗೋಸ್ಕರ ಬರುವುದು ಬೇಡ. ಹನ್ನೊಂದು ಮನೆಯವರು ಸಹಿ ಹಾಕಿದ ಪಟ್ಟಿ ತೋರಿಸಿದ ಮೇಲೆ ಅವರದೇ ಮ್ಯಾನೇಜರ್ ಫೋನ್ ಮಾಡಿದರು.

ಸಹಿ ಮೊದಲು ಹೋಮ್‌ಸ್ಟೇ ಇರುವವರಿಂದ ಹಾಕಿಸಿ. ಗೆಸ್ಟ್ ಕಾರಿನಿಂದ ಇಳಿದು ಕಾಫಿಗೂ ಮೊದಲು ಕೇಳುವುದು ವೈಫೈ ಪಾಸ್‌ವರ್ಡ್, ಹಾಗಾಗಿ ಅವರಿಗೆ ನಿಮಗಿಂತ ಜಾಸ್ತಿ ಉರಿ ಇರುತ್ತದೆ. ಆಮೇಲೆ ಮನೆಯಿಂದ ಕೆಲಸ ಮಾಡುವವರು. ನಮ್ಮಲ್ಲಿ ಕೆಲಸ ಸಲೀಸು ಮಾಡಿದ್ದು ಮಿಲಿಟರಿಯಿಂದ ರಿಟೈರ್ ಆದ ಪಕ್ಕದ ಮನೆ ಅಂಕಲ್. ಅವರಿಗೆ ಇಂಟರ್ನೆಟ್ ಬೇಕಾಗಿದ್ದದ್ದು ಮೊಮ್ಮಗಳ ವಿಡಿಯೋ ಕಾಲ್‌ಗೆ ಮಾತ್ರ. ಆದರೆ ಗೇಟಿನಲ್ಲಿ ನಿಂತು "ಯಾವ ಆರ್ಡರ್ ಪ್ರಕಾರ ತಡೀತಿದ್ದೀಯಪ್ಪ, ತೋರಿಸು" ಅಂದಾಗ ಸೆಕ್ಯೂರಿಟಿಯವನ ಹತ್ತಿರ ತೋರಿಸಲು ಏನೂ ಇರಲಿಲ್ಲ.

ಮೀಟಿಂಗ್ ಕರೆದು ಠರಾವು ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಹೀಗಿದ್ದರೆ ಸಾಕು: "ಲೈಸೆನ್ಸ್ ಇರುವ ಯಾವುದೇ ಕಂಪನಿ ನಿವಾಸಿಗಳು ಕೇಳಿದಾಗ ಲೇಔಟ್ ಒಳಗೆ ಕೇಬಲ್ ಎಳೆಯಬಹುದು. ಅಗೆದ ಜಾಗವನ್ನು ಅವರೇ ಸರಿ ಮಾಡಿಕೊಡಬೇಕು. ಯಾವ ಕಂಪನಿಗೂ ಡಕ್ಟ್ ಮೇಲೆ ಒಬ್ಬರದೇ ಹಕ್ಕು ಇಲ್ಲ." ಇದರ ಪ್ರತಿಯನ್ನು ಬಿಲ್ಡರ್‌ಗೆ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, 15 ದಿನದ ಒಳಗೆ ಲಿಖಿತವಾಗಿ ಉತ್ತರಿಸಿ ಅಂತ ಬರೆಯಿರಿ. ನಿರಾಕರಿಸಿದರೆ ಆ ಉತ್ತರವೇ ನಿಮಗೆ ಸಾಕ್ಷಿ. ನಮ್ಮ ಬಿಲ್ಡರ್ ಉತ್ತರವನ್ನೇ ಕೊಡಲಿಲ್ಲ. ಹದಿನಾರನೇ ದಿನ ಕೇಬಲ್ ಎಳೆಸಿದೆವು.

ದೂರು ಎಲ್ಲಿಗೆ

ಸೇವೆ ಕೆಟ್ಟಿದೆ ಅನ್ನುವುದು ಬೇರೆ, ಬೇರೆಯವರನ್ನು ಬಿಡುತ್ತಿಲ್ಲ ಅನ್ನುವುದು ಬೇರೆ. ಎರಡನ್ನೂ ಒಂದೇ ದೂರಿನಲ್ಲಿ ಕಲಸಬೇಡಿ.

ಸೇವೆ ಕೆಟ್ಟಿದ್ದರೆ ಮೊದಲು ಕಂಪನಿಗೇ ದೂರು ಕೊಟ್ಟು ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದ ಒಳಗೆ ಮೇಲ್ಮನವಿ. ಅವರು 39 ದಿನದಲ್ಲಿ ಇತ್ಯರ್ಥ ಮಾಡಬೇಕು, ಶುಲ್ಕ ಇಲ್ಲ. ಮಳೆಗಾಲದಲ್ಲಿ ಒಂದು ನೋಟ್‌ಬುಕ್ ಇಟ್ಟು ಯಾವ ದಿನ ಎಷ್ಟು ಗಂಟೆ ಹೋಯಿತು ಅಂತ ಬರೆಯಿರಿ, ಮೋಡೆಮ್‌ನ ಕೆಂಪು ಲೈಟಿನ ಫೋಟೋ ತೆಗೆಯಿರಿ.

ಬೇರೆಯವರನ್ನು ಬಿಡದ, ಬಲವಂತದ ವಿಷಯ ಆದರೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಒಂದು ವಸ್ತು ಅಥವಾ ಸೇವೆ ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಅಂತ ಷರತ್ತು ಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಿತ ವ್ಯಾಪಾರ ಪದ್ಧತಿ ಅನ್ನುತ್ತದೆ. ಇಂಟರ್ನೆಟ್ ದುಡ್ಡನ್ನು ಮೇಂಟೆನೆನ್ಸ್ ಒಳಗೆ ತುರುಕಿರುವವರ ಮೇಲೆ ಇದನ್ನೇ ಹಿಡಿದು ವಾದಿಸಬಹುದು. ಅಲ್ಲೂ ಆಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗ. ನೀವು ಕೊಟ್ಟ ಮೊತ್ತ ಐದು ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. "ಟೆಲಿಕಾಂ ದೂರು ಗ್ರಾಹಕರ ಆಯೋಗಕ್ಕೆ ಬರಲ್ಲ" ಅಂತ ಯಾರಾದರೂ ಹೇಳಿದರೆ, ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ ಅನ್ನಿ. ಕಂಪನಿಗಳ ಪೈಪೋಟಿಗೆ ಅಡ್ಡಿ ಮಾಡುವವರನ್ನು ವಿಚಾರಿಸುವ ದೆಹಲಿಯ ಸ್ಪರ್ಧಾ ಆಯೋಗದ ದಾರಿಯೂ ಇದೆ, ಆದರೆ ನಲವತ್ತು ಮನೆಯ ಲೇಔಟ್‌ಗೆ ಅದು ಇರುವೆ ಹೊಡೆಯಲು ಒನಕೆ ತಂದ ಹಾಗೆ.

ಇನ್ನೂ ಮನೆ ಕೊಳ್ಳದವರು ಅದೃಷ್ಟವಂತರು. ಅಡ್ವಾನ್ಸ್ ಕೊಡುವ ಮೊದಲೇ ಎಷ್ಟು ಕಂಪನಿಗೆ ಡಕ್ಟ್ ಇಟ್ಟಿದ್ದೀರಿ ಕೇಳಿ. ಸೇಲ್ ಅಗ್ರಿಮೆಂಟ್‌ನಲ್ಲಿ "ಕೊಳ್ಳುವವರು ತಮಗೆ ಬೇಕಾದ ಕಂಪನಿಯ ಫೋನ್ ಮತ್ತು ಇಂಟರ್ನೆಟ್ ಸೇವೆ ಪಡೆಯಬಹುದು, ಮಾರುವವರು ಅಥವಾ ಸಂಘ ತಡೆಯುವಂತಿಲ್ಲ" ಅಂತ ಒಂದು ಸಾಲು ಸೇರಿಸಿ. ದುಡ್ಡು ಕೈಬಿಟ್ಟ ಮೇಲೆ ಆ ಸಾಲು ಸೇರಿಸಲು ಯಾರೂ ಒಪ್ಪುವುದಿಲ್ಲ.

ಡಕ್ಟ್ ಬೇಡದ ದಾರಿ

ಜಗಳ ಮುಗಿಯುವವರೆಗೆ ಕಾಯಲು ಆಗದವರು 5ಜಿ ಸಿಗ್ನಲ್ ಇದ್ದರೆ ಟೆರೇಸಿನ ಮೇಲೆ ರಿಸೀವರ್ ಇಟ್ಟು ಕೊಡುವ ಕನೆಕ್ಷನ್ ನೋಡಿ. ರಸ್ತೆ ಅಗೆಯುವ ಕೆಲಸವೇ ಇಲ್ಲ. ಆದರೆ ಮೊದಲು ಮೊಬೈಲ್ ಹಿಡಿದು ಟೆರೇಸಿನ ನಾಲ್ಕೂ ಮೂಲೆಯಲ್ಲಿ ಸ್ಪೀಡ್ ನೋಡಿ, ಅದೂ ಮಳೆ ಬರುವಾಗ. ಪಕ್ಕದ ತೋಟದ ಸಿಲ್ವರ್ ಓಕ್ ಸಾಲು ಅಡ್ಡ ಇದ್ದರೆ ಸಿಗ್ನಲ್ ಕುಸಿಯುತ್ತದೆ. ಹೋಗಿ ಕಡಿಯಿರಿ ಅಂತ ಹೇಳಲು ಆಗುತ್ತದಾ, ಮೆಣಸಿನ ಬಳ್ಳಿ ಅದರ ಮೇಲೇ ಹಬ್ಬಿರುತ್ತದೆ.

ಇನ್ನೊಂದು ವಿಷಯ, ನಾನು ಎರಡನೇ ಲೈನ್ ಬಂದ ಮೊದಲ ಮಳೆಗಾಲದಲ್ಲೇ ಕಲಿತದ್ದು. ಮರ ಬಿತ್ತು, ಎರಡೂ ಕಂಪನಿಯ ಇಂಟರ್ನೆಟ್ ಒಟ್ಟಿಗೇ ಹೋಯಿತು. ಎರಡೂ ಕೇಬಲ್ ಒಂದೇ ಕರೆಂಟ್ ಕಂಬದ ಸಾಲಿನಲ್ಲಿ ಬಂದಿದ್ದವು! ಹಾಗಾಗಿ ದುಡ್ಡು ಕಟ್ಟುವ ಮೊದಲು ಲೈನ್‌ಮ್ಯಾನ್‌ನ ಜೊತೆ ಲೇಔಟ್‌ನಿಂದ ಮೇನ್ ರೋಡ್‌ವರೆಗೆ ಒಮ್ಮೆ ನಡೆದು ಹೋಗಿ, ಇವರ ಕೇಬಲ್ ಯಾವ ಕಡೆಯಿಂದ ಬರುತ್ತದೆ ಅಂತ ಕಣ್ಣಾರೆ ನೋಡಿ. ಕರೆಂಟ್ ಹೋದಾಗ ಅವರ ಬಾಕ್ಸ್‌ಗೆ ಬ್ಯಾಟರಿ ಇದೆಯಾ ಅಂತಲೂ ಆಗಲೇ ಕೇಳಿ.