ವಸತಿ ಸೇವಾಸಂಸ್ಥೆಯ ನೆರವಿನಲ್ಲಿ ಸ್ವಂತ ಮನೆ: ಅರ್ಜಿ ವಾಪಸ್ ಬರದಂತೆ ಹಾಕುವುದು ಹೇಗೆ?

ಸೇವಾಸಂಸ್ಥೆಯವರು ಮನೆ ಕಟ್ಟಿಕೊಡುತ್ತಾರಂತೆ ಎಂದು ಕಿವಿಗೆ ಬಿದ್ದ ಕೂಡಲೇ ಜನ ಕಷ್ಟಗಳ ಪಟ್ಟಿ ಬರೆಯಲು ಕೂರುತ್ತಾರೆ. ಎರಡು ಪುಟ ಕಣ್ಣೀರು, ಜೊತೆಗೆ ಯಾರೋ ದೊಡ್ಡವರ ಶಿಫಾರಸು ಪತ್ರ. ವಾಪಸ್ ಬಂದಿದ್ದನ್ನು ನಾನು ನೋಡಿದ ಅರ್ಜಿಗಳೆಲ್ಲ ಹೆಚ್ಚುಕಡಿಮೆ ಹೀಗೇ ಇದ್ದವು. ಇಂಥ ಅನೇಕ ಸಂಸ್ಥೆಗಳು ಮನೆಯನ್ನು ಪುಕ್ಕಟೆ ಕೊಡುವುದಿಲ್ಲ, ಮಾರುತ್ತವೆ. ಲಾಭ ಇಟ್ಟುಕೊಳ್ಳದೆ, ಬಡ್ಡಿಯಿಲ್ಲದೆ ಅಥವಾ ತೀರಾ ಕಡಿಮೆ ಬಡ್ಡಿಗೆ, ಹತ್ತಿಪ್ಪತ್ತು ವರ್ಷದ ಕಂತಿನಲ್ಲಿ.

ಮಿಲಾರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ 1976ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಶುರು ಮಾಡಿದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಎಂಬ ವಸತಿ ಸೇವಾಸಂಸ್ಥೆ ನಡೆದು ಬಂದದ್ದು ಈ ಲೆಕ್ಕದಲ್ಲೇ. 1984ರಿಂದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸುತ್ತಿಗೆ ಹಿಡಿದು ಕೆಲಸಕ್ಕೆ ನಿಂತ ಮೇಲೆ ಅದರ ಹೆಸರು ಎಲ್ಲೆಡೆ ಹಬ್ಬಿತು. ನೀವು ಕಟ್ಟುವ ಕಂತು ಮುಂದಿನ ಕುಟುಂಬದ ಮನೆಗೆ ಬಂಡವಾಳ. ನೀವು ತಪ್ಪಿಸಿದರೆ ಅವರ ಕೆಲಸ ನಿಲ್ಲುತ್ತದೆ. ಹಾಗಾಗಿ ಅರ್ಜಿ ಆಯುವ ಸಂಸ್ಥೆಯ ಸಮಿತಿ ಮೂರು ವಿಷಯ ನೋಡುತ್ತದೆ: ಮನೆಯ ಅಗತ್ಯ ನಿಜವೇ, ಕಂತು ಕಟ್ಟಲು ಆಗುತ್ತದೆಯೇ, ಕಟ್ಟಡದ ಕೆಲಸಕ್ಕೆ ಕೈಜೋಡಿಸುತ್ತೀರಾ.

ಹೆಜ್ಜೆ 1. ಅರ್ಜಿ ನಮೂನೆಯನ್ನು ಸಂಸ್ಥೆಯ ಕಚೇರಿಯಿಂದಲೇ ತನ್ನಿ. ‘ಒಳಗಿನವರು ಗೊತ್ತು, ಹೆಸರು ಸೇರಿಸುತ್ತೇನೆ’ ಎಂದು ದುಡ್ಡು ಕೇಳುವ ಮಧ್ಯವರ್ತಿಗೆ ಬಾಗಿಲು ತೋರಿಸಿ.

ಹೆಜ್ಜೆ 2. ಈಗಿರುವ ಮನೆಯ ಸ್ಥಿತಿಯನ್ನು ಅರ್ಜಿಯಲ್ಲಿ ಇದ್ದ ಹಾಗೇ ಬರೆಯಿರಿ. ಸೋರುವ ಮಾಡು, ಒಂದೇ ಕೋಣೆಯಲ್ಲಿ ಮಲಗುವ ಆರು ಜನ, ಸಂಪಾದನೆಯ ಅರ್ಧ ನುಂಗುವ ಬಾಡಿಗೆ, ಇವನ್ನು ನಾಲ್ಕು ಸಾಲಿನಲ್ಲಿ ಹೇಳಿದರೆ ಸಾಕು. ನೋಡಲು ಸಂಸ್ಥೆಯವರೇ ಬರುತ್ತಾರೆ. ಅವರು ಬರುವ ದಿನ ಟಿ.ವಿ.ಯನ್ನು ಪಕ್ಕದ ಮನೆಗೆ ಸಾಗಿಸುವವರಿದ್ದಾರೆ. ಗೋಡೆಯ ಮೇಲೆ ಬಣ್ಣ ಮಾಸದ ಚೌಕವೂ ನೇತಾಡುವ ವೈರೂ ಉಳಿದಿರುತ್ತವೆ. ಟಿ.ವಿ. ಇದ್ದದ್ದಕ್ಕೆ ಯಾರೂ ಅರ್ಜಿ ತಳ್ಳಿಹಾಕುವುದಿಲ್ಲ, ಬಚ್ಚಿಟ್ಟದ್ದಕ್ಕೆ ತಳ್ಳಿಹಾಕಬಹುದು.

ಹೆಜ್ಜೆ 3. ಎಡವುವುದು ಇಲ್ಲಿ, ಆದಾಯ ತೋರಿಸುವಲ್ಲಿ. ತಿಂಗಳ ಸಂಬಳದವರಿಗೆ ಸಂಬಳದ ಚೀಟಿ ಇದೆ. ದಿನಗೂಲಿಯವರು, ಮನೆಗೆಲಸದವರು, ಹೊಲಿಗೆಯವರು ಏನು ತೋರಿಸಬೇಕು? ಒಂದು ನೋಟ್‌ಬುಕ್ ತೋರಿಸಬೇಕು. ಅರ್ಜಿ ಹಾಕುವ ಕನಿಷ್ಠ ಆರು ತಿಂಗಳ ಮೊದಲೇ ಬರೆಯಲು ಶುರು ಮಾಡಿ: ತಾರೀಕು, ಏನು ಕೆಲಸ, ಯಾರು ಕೊಟ್ಟರು, ಎಷ್ಟು ಕೊಟ್ಟರು. ಕೆಲಸ ಸಿಗದ ದಿನ ಸೊನ್ನೆ ಹಾಕಿ. ಸೊನ್ನೆಯೇ ಇಲ್ಲದ ಪುಸ್ತಕ ಕಂಡರೆ ಸಮಿತಿಯವರು ಹುಬ್ಬೇರಿಸುತ್ತಾರೆ. ಮೊಬೈಲ್ ಆ್ಯಪ್‌ನಲ್ಲಿ ಬರೆದಿಡುತ್ತೇನೆ ಎನ್ನಬೇಡಿ. ಫೋನ್ ಕೆಟ್ಟರೆ ಲೆಕ್ಕವೂ ಹೋಯಿತು. ಕಾಗದ, ಪೆನ್ನು, ಪ್ರತಿ ಸಂಜೆ ಎರಡು ನಿಮಿಷ.

ಪುಸ್ತಕಕ್ಕೆ ಬ್ಯಾಂಕ್ ಖಾತೆ ಸಾಕ್ಷಿ ಹೇಳಬೇಕು. ವಾರಕ್ಕೊಮ್ಮೆ, ಗೊತ್ತಾದ ದಿನ, ಎಷ್ಟೇ ಸಣ್ಣ ಮೊತ್ತವಾದರೂ ಜಮಾ ಮಾಡಿ. ಅರ್ಜಿಯ ಹಿಂದಿನ ವಾರ ಬಾವಮೈದುನನಿಂದ ಕೈಸಾಲ ತಂದು ಖಾತೆ ತುಂಬಿಸುವ ಅಡ್ಡದಾರಿ ಬಹಳ ಹಳೆಯದು. ತಿಂಗಳುಗಟ್ಟಲೆ ಖಾಲಿ ಇದ್ದ ಪಾಸ್‌ಬುಕ್‌ನಲ್ಲಿ ಏಕಾಏಕಿ ಬಂದ ದೊಡ್ಡ ಮೊತ್ತವೇ ಮೊದಲು ಕಣ್ಣಿಗೆ ಬೀಳುತ್ತದೆ.

ನಂತರ ಸಾಲದ ಪಟ್ಟಿ. ಅಂಗಡಿಯ ಉದ್ದರಿ, ಅಡವಿಟ್ಟ ಒಡವೆ, ಕೈಸಾಲ, ಎಲ್ಲವೂ ಅದರಲ್ಲಿರಲಿ. ವಸತಿಗೆ ತಗಲುವ ಖರ್ಚು ಆದಾಯದ ಶೇ 30ನ್ನು ಮೀರಬಾರದು ಎಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಅಳತೆ. ಅದರೊಳಗೆ ಕಂತಷ್ಟೇ ಅಲ್ಲ, ತೆರಿಗೆ ಮತ್ತು ವಿಮೆಯೂ ಸೇರಬೇಕು. ನನ್ನನ್ನು ಕೇಳಿದರೆ, ಒಳ್ಳೆಯ ತಿಂಗಳನ್ನೂ ಸರಾಸರಿಯನ್ನೂ ಬದಿಗಿಟ್ಟು, ನೋಟ್‌ಬುಕ್‌ನಲ್ಲಿ ಅತಿ ಕಡಿಮೆ ದುಡಿಮೆಯಾದ ತಿಂಗಳ ಮೇಲೆ ಈ ಲೆಕ್ಕ ಹಾಕಿ. ಆ ತಿಂಗಳಲ್ಲೂ ಕಂತು ಹೊರಡುವುದಾದರೆ ಧೈರ್ಯವಾಗಿ ಅರ್ಜಿ ಕೊಡಿ. ಹೊರಡದಿದ್ದರೆ ಮೊದಲು ಅತಿ ಹೆಚ್ಚು ಬಡ್ಡಿಯ ಸಾಲ ತೀರಿಸಿ, ಮುಂದಿನ ವರ್ಷ ಬನ್ನಿ. ‘ಐದು ನಿಮಿಷದಲ್ಲಿ ಸಾಲ’ ಎನ್ನುವ ಆ್ಯಪ್‌ಗಳನ್ನು ಈ ಅವಧಿಯಲ್ಲಿ ಮುಟ್ಟಲೇಬೇಡಿ. ದುಡ್ಡು ಕೊಟ್ಟರೆ ಕ್ರೆಡಿಟ್ ಸ್ಕೋರ್ (ಸಾಲ ಸರಿಯಾಗಿ ತೀರಿಸುತ್ತೀರಾ ಎಂದು ಅಳೆಯುವ ಅಂಕ) ರಾತ್ರೋರಾತ್ರಿ ಏರಿಸುತ್ತೇವೆ ಎನ್ನುವವರದು ಶುದ್ಧ ಬೊಗಳೆ.

ಆಯ್ಕೆಯಾಯಿತೆಂದು ಕಂತಿನ ಮೇಲೆ ಸೋಫಾ, ಬೈಕು ತರುವವರನ್ನೂ ಕಂಡಿದ್ದೇನೆ. ಕೀಲಿ ಕೈಗೆ ಬರುವ ಮೊದಲು ಸಂಸ್ಥೆ ಇನ್ನೊಮ್ಮೆ ಲೆಕ್ಕ ತಿರುವಿಹಾಕಬಹುದು. ಸೋಫಾ ಕಾಯುತ್ತದೆ.

ಹೆಜ್ಜೆ 4. ಶ್ರಮದ ಪಾಲು. ಅನೇಕ ಕಡೆ ಕುಟುಂಬವೊಂದು ನೂರಾರು ಗಂಟೆ ದುಡಿಯಬೇಕು, ತನ್ನ ಮನೆಗೂ ಬೇರೆಯವರ ಮನೆಗೂ. ಭಾರ ಎತ್ತಲಾಗದವರಿಗೆ ಕಚೇರಿ ಕೆಲಸವೋ ಬಣ್ಣ ಬಳಿಯುವುದೋ ಸಿಗುತ್ತದೆ. ನೆಂಟರ ಗಂಟೆಗಳನ್ನೂ ಕೆಲವರು ಲೆಕ್ಕಕ್ಕೆ ಹಿಡಿಯುತ್ತಾರೆ. ಆಯಾ ದಿನದ ಗಂಟೆಗೆ ಅಂದೇ ಸಹಿ ಹಾಕಿಸಿಕೊಳ್ಳಿ. ವೈರಿಂಗ್, ನೀರಿನ ಪೈಪು ಕೂಡಿಸುವಾಗ ಅಲ್ಲೇ ನಿಂತು ನೋಡಿ, ನಾಳೆ ರಿಪೇರಿ ನಿಮ್ಮದೇ.

ಹೆಜ್ಜೆ 5. ಕರಾರುಪತ್ರ. ಬಡ್ಡಿ ಎಷ್ಟು ಎಂದು ಮೊದಲು ನೋಡಿ. ಶೇ 9ರ ಬಡ್ಡಿಗೆ 20 ವರ್ಷ ಕಂತು ಕಟ್ಟಿದರೆ ಪಡೆದ ಅಸಲಿನ ಎರಡು ಪಟ್ಟಿಗಿಂತ ಹೆಚ್ಚು ತೆತ್ತಿರುತ್ತೀರಿ. ಬಡ್ಡಿಯಿಲ್ಲದಿದ್ದರೆ ಅಸಲಷ್ಟೇ. ಆಮೇಲೆ ಮಾರಾಟದ ಷರತ್ತು. ಬಾಡಿಗೆಗೆ ಕೊಡುವಂತಿಲ್ಲ, ಮಾರುವಾಗ ಮೊದಲು ಸಂಸ್ಥೆಗೇ ಕೇಳಬೇಕು ಎಂದೆಲ್ಲ ಇರಬಹುದು. ಮನೆ ಕೊಡುವುದು ಸಮುದಾಯ ಭೂ ಟ್ರಸ್ಟ್, ಅಂದರೆ ಊರವರ ಪರವಾಗಿ ನೆಲ ಇಟ್ಟುಕೊಂಡಿರುವ ಸಂಸ್ಥೆ, ಆದರೆ ಮನೆ ನಿಮ್ಮದು, ನೆಲ ಟ್ರಸ್ಟಿನದು. ಸಾಮಾನ್ಯವಾಗಿ 99 ವರ್ಷದ ಗುತ್ತಿಗೆ, ಮಾರಾಟದ ಬೆಲೆಗೂ ಮಿತಿ ಇರುತ್ತದೆ. ಮುಂದಿನ ಬಡ ಕುಟುಂಬಕ್ಕೂ ಮನೆ ಎಟುಕಲಿ ಎಂದು ಹಾಗೆ ಮಾಡಿರುತ್ತಾರೆ, ಮೋಸವಲ್ಲ. ಆದರೆ ಮನೆ ಮಾರಿ ಮಗಳ ಓದಿಗೆ ದುಡ್ಡು ಮಾಡುವ ಯೋಚನೆ ಇದ್ದರೆ ಇದನ್ನು ಸಹಿಗೆ ಮೊದಲೇ ತಿಳಿದಿರಬೇಕು.

ಕಂತು ತಪ್ಪಿದರೆ ಎಷ್ಟು ದಿನದ ಗಡುವು, ಯಾರಿಗೆ ತಿಳಿಸಬೇಕು ಎಂಬ ಸಾಲನ್ನು ಹುಡುಕಿ ಗೆರೆ ಎಳೆಯಿರಿ. ಆ ಸಾಲು ಕಾಣದಿದ್ದರೆ ಬರೆಸಿಕೊಂಡ ಮೇಲೇ ಸಹಿ ಹಾಕಿ.